ಐತಿ ಅನಬ್ಯಾಡ, ತಂದ್ ತೋರ್ಸು

ನಮ್ಮ ಅತ್ತೆ ದೇವರನ್ನೇ ಪರೀಕ್ಷೆಯಲ್ಲಿ ಫೇಲು ಮಾಡಿದವಳು. ಸುಳ್ಳಲ್ಲ! “ಕಣ್ಣ ಎರಡ ಇಟ್ಟಾನ, ಕಿವಿ ಎರಡ ಇಟ್ಟಾನ, ಕಿಡ್ನಿ ಸುದ್ದಾ ಎರಡ ಇಟ್ಟಾನ. ಶ್ಯಾಣ್ಯಾ ಅದಾನ ಬಿಡು ಅನ್ನೂದ್ರಾಗ ಹೃದಯಾ ಒಂದ ಇಟ್ಟ ಕುಂತಾನ. ಅದು ಬಂದ್ ಬಿದ್ರ ಮುಂದೇನು? ಅವನ ಕಡೆ ಪ್ಲ್ಯಾನ ಇಲ್ಲ!” ಎಂದು ತುಂಬಿದ ಸಭೆಯಲ್ಲಿ ಹೇಳುತ್ತಾಳೆ. ಜಗತ್ತನ್ನು ಮಾಡಿದವನಿಗೇ ಪಾಸ್ ಮಾರ್ಕು ಕೊಡದ ಹೆಂಗಸು, ಗೋಕಾಕದ ಒಬ್ಬ ಬಡಪಾಯಿ ಕಂಪ್ಯೂಟರ್ ನೌಕರನನ್ನು, ಅದರಲ್ಲೂ ಸ್ವಂತ ಅಣ್ಣನ ಮಗನನ್ನು ಸುಮ್ಮನೆ ಬಿಟ್ಟಾಳೆಯೇ?

ಅತ್ತೆ ಎಂದ ಕೂಡಲೇ ಹೆಂಡತಿಯ ತಾಯಿ ಎಂದುಕೊಳ್ಳಬೇಡಿ. ಆ ತಾಯಿ ಸಾಧು ಹೆಣ್ಣುಮಗಳು, ಅವರ ಮೇಲೆ ನನ್ನದು ಯಾವ ದೂರೂ ಇಲ್ಲ. ಇವಳು ನಮ್ಮಪ್ಪನ ತಂಗಿ, ನನ್ನ ಸೋದರತ್ತೆ. ಲಗ್ನವಾಗಲಿಲ್ಲ, ನಮ್ಮ ಮನೆಯಲ್ಲೇ ಇರುತ್ತಾಳೆ. ಕೆಲಸ ಏನೆಂದರೆ ಕಂಪ್ಯೂಟರಿನವರಿಗೆ ಬ್ಯಾಕಪ್ ಕಲಿಸುವುದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಸರದಿಯ ಮೇಲೆ ಶಿಬಿರ ನಡೆಸುತ್ತಾಳೆ. ಕಾರ್ಖಾನೆ, ದವಾಖಾನೆ, ಸೊಸೈಟಿ, ಕಾಲೇಜುಗಳಲ್ಲಿ ಸರ್ವರ್ ನೋಡಿಕೊಳ್ಳುವವರನ್ನೆಲ್ಲ ಒಂದೆಡೆ ಕೂಡಿಸಿ, ಡೇಟಾ ಎಲ್ಲಿಡಬೇಕು, ಅದರ ಕಾಪಿ ಎಲ್ಲಿಡಬೇಕು, ಬೆಂಕಿ ಬಿದ್ದರೆ, ನೀರು ಹೊಕ್ಕರೆ, ವೈರಸ್ ಬಡಿದರೆ ಎಷ್ಟು ಹೊತ್ತಿನಲ್ಲಿ ಮತ್ತೆ ಕೆಲಸ ಶುರುವಾಗಬೇಕು ಎಂದು ಪಾಠ ಮಾಡುತ್ತಾಳೆ. ನಾನೂ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅದೇ ಕೆಲಸದವನು. ಆದ್ದರಿಂದ ಆ ಶಿಬಿರಕ್ಕೆ ನಾನೂ ಕೂತೆ. ಒಂದು ಸಲವಲ್ಲ, ಮೂರೂ ಊರಲ್ಲಿ ಒಂದೊಂದು ಸಲ! ಯಾಕೆ ಎಂದು ಕೇಳಿದರೆ, “ಒಂದ ಸಲ ಕಲ್ತದ್ದು ಒಂದ ಕಾಪಿ ಅಷ್ಟ. ಅದನ್ನ ನಂಬಿ ಕೂಡಾಕ ಆಗ್ತೈತೇನ?” ಎಂದಳು. ಪಾಠ ಅದೇ, ಜೋಕು ಅದೇ, ನಗಬೇಕಾದ ಜಾಗವೂ ಅದೇ. ಮೂರನೆಯ ಸಲ ನಾನು ನಗಲಿಲ್ಲವೆಂದು ಅವಳಿಗೆ ಸಿಟ್ಟು ಬೇರೆ!

ಅವಳ ಪಾಠದ ತಿರುಳು ಇಷ್ಟೇ. ಯಾವುದೇ ಡೇಟಾ ಇರಲಿ, ಮೂರು ಕಾಪಿ ಇರಬೇಕು. ಮೂರೂ ಒಂದೇ ನಮೂನೆಯ ಡಬ್ಬಿಯಲ್ಲಿ ಇರಬಾರದು. ಒಂದಾದರೂ ಬೇರೆ ಊರಲ್ಲಿರಬೇಕು. ಕಂಪ್ಯೂಟರಿಗೆ ಇದು ಬಹಳ ಒಳ್ಳೆಯ ನಿಯಮ, ನಾನು ಒಪ್ಪುತ್ತೇನೆ. ಆದರೆ ನಿಯಮವನ್ನು ಕಂಪ್ಯೂಟರಿಗಷ್ಟೇ ಬಿಟ್ಟಿದ್ದರೆ ನಾನೇಕೆ ಈ ಪ್ರಬಂಧ ಬರೆಯುತ್ತಿದ್ದೆ? ಅವಳ ಚಾಳೀಸು, ಅಂದರೆ ಕನ್ನಡಕ, ಮೂರು: ಒಂದು ಗೋಕಾಕದ ಮನೆಯಲ್ಲಿ, ಒಂದು ಮೂಡಲಗಿಯ ಗೆಳತಿಯ ಮನೆಯಲ್ಲಿ, ಒಂದು ಹುಕ್ಕೇರಿಯ ಶಿಬಿರದ ಕಪಾಟಿನಲ್ಲಿ. ಒಂದು ಮಟಮಟ ಮಧ್ಯಾಹ್ನ “ಚಾಳೀಸ ಕಳದೈತಿ, ಮೂಡಲಗಿಗೆ ಹೋಗಿ ಅಲ್ಲಿಂದು ತಗೊಂಡ ಬಾ” ಎಂದು ನನ್ನನ್ನು ಅಟ್ಟಿದಳು. ಏಪ್ರಿಲ್ ಬಿಸಿಲು. ಹೋದೆ, ತಂದೆ. ಬಂದು ನೋಡಿದರೆ ಕಳೆದ ಚಾಳೀಸು ಅವಳ ಮೂಗಿನ ಮೇಲೆಯೇ ಕೂತಿದೆ!

“ಅತ್ತಿ! ಇದೇನಿದು?”

“ಕಳದಿಲ್ಲ ತಮ್ಮಾ. ಕಳದ್ರ ಎಷ್ಟ ಹೊತ್ತಿಗೆ ತಿರುಗಿ ಸಿಗ್ತೈತಿ ಅಂತ ನೋಡಿದೆ. ಹಾದ್ಯಾಗ ಕಬ್ಬಿನ ಹಾಲ ಕುಡ್ಯಾಕ ನಿಂತಿದ್ದಿ ಹೌದಿಲ್ಲೊ? ಭಾಳ ಲೇಟ್ ಆತು.”

ಇದಕ್ಕೆ ಅವಳು ಇಟ್ಟ ಹೆಸರು ಡ್ರಿಲ್. ಮುನ್ಸೂಚನೆ ಕೊಡದೆ ಅನಾಹುತವೊಂದನ್ನು ಹೂಡಿ, ನಾವು ಹೇಗೆ ಎದ್ದು ನಿಲ್ಲುತ್ತೇವೆ ಎಂದು ಕೈಕಟ್ಟಿ ನೋಡುವುದು. ಬೇರೆಯವರ ಮನೆಯಲ್ಲಿ ಇದಕ್ಕೆ ಕಿಡಿಗೇಡಿತನ ಎನ್ನುತ್ತಾರೆ.

ಇದು ಹುಟ್ಟುತ್ತಲೇ ಬಂದ ಹುಚ್ಚಲ್ಲ. ಹಿಂದೆ ಗೋಕಾಕದ ಪೇಟೆಯಲ್ಲಿ ಅವಳದೇ ಒಂದು ಕಂಪ್ಯೂಟರ್ ಕ್ಲಾಸಿತ್ತು. ಒಂದು ಮಳೆಗಾಲ ಹೊಳೆ ಪೇಟೆಯೊಳಗೆ ಬಂತು, ಕ್ಲಾಸಿನೊಳಗೂ ಬಂತು. ವಿದ್ಯಾರ್ಥಿಗಳು ವರ್ಷವಿಡೀ ಕೂತು ಮಾಡಿದ ಪ್ರಾಜೆಕ್ಟುಗಳೆಲ್ಲ ನೀರುಪಾಲಾದವು. ಕಾಪಿ ಇರಲಿಲ್ಲವೇ? ಇತ್ತಲ್ಲ! ಅದೇ ಕಂಪ್ಯೂಟರ್ ಇಟ್ಟ ಟೇಬಲ್ಲಿನ ಕೆಳಗಿನ ಖಾನೆಯಲ್ಲಿ. ಹುಡುಗಿಯರು ಬಂದು “ಅಕ್ಕೋರ, ಕಾಪಿ ಐತಿ ಅಂದಿದ್ರೆಲ್ರೀ?” ಎಂದು ಕೇಳಿದರಂತೆ. ಅಂದಿನಿಂದ ಯಾರಾದರೂ “ಐತಿ” ಎಂದರೆ ಸಾಕು, ಅವಳು ಕೆರಳುತ್ತಾಳೆ. “ಐತಿ ಅನಬ್ಯಾಡ, ತಂದ್ ತೋರ್ಸು!”

ತಂದು ತೋರಿಸಿದರೂ ಮುಗಿಯುವುದಿಲ್ಲ. “ಫೈಲ್ ಬಂತು ಅಂತ ಕುಣೀಬ್ಯಾಡ್ರಿ. ತಗದು ಒಳಗ ಓದ್ರಿ. ಮೊದಲಿನ ಗತೆನ ಐತೇನ ನೋಡ್ರಿ. ಹೊರಗ ಹೆಸರ ಬರೊಬ್ಬರಿ, ಒಳಗ ಬರೇ ಖಾಲಿ ಇದ್ರ ಏನ್ ಮಾಡ್ತೀರಿ?” ಈ ಮಾತನ್ನು ಊಟಕ್ಕೆ ಕೂತಾಗ ಕೇಳಿದ್ದೇನೆ, ಮಲಗುವಾಗ ಕೇಳಿದ್ದೇನೆ. ಬಾಗಿಲ ಚಿಲಕ ಹಾಕಿದೆ ಎಂದರೆ ತೋರಿಸು, ಗ್ಯಾಸ್ ಬಂದ್ ಮಾಡಿದೆ ಎಂದರೆ ತೋರಿಸು. ನನ್ನ ಬಾಯಲ್ಲಿ ಆ ‘ತಂದ್ ತೋರ್ಸು’ ಎಂದಾದರೂ ಬಂದರೆ ನನ್ನ ಹೆಸರು ಬದಲಿಸಿ ಎಂದು ಹೆಂಡತಿಯ ಎದುರು ಪಂಥ ಕಟ್ಟಿದ್ದೆ.

ಆದರೂ ನ್ಯಾಯವಾಗಿ ಹೇಳಬೇಕು, ಆ ಮಾತಿನಿಂದ ಒಮ್ಮೆ ಹುಕ್ಕೇರಿಯಲ್ಲಿ ಭಾರಿ ಮೋಜಾಯಿತು. ಶಿಬಿರಕ್ಕೆ ಬಂದಿದ್ದ ಒಬ್ಬ ಗೃಹಸ್ಥ ಎದ್ದು ನಿಂತು, “ಅಕ್ಕೋರ, ನಮ್ಮ ಆಫೀಸಿನ ಬ್ಯಾಕಪ್ ಬಗ್ಗೆ ಕಾಳಜಿನ ಇಲ್ರಿ. ಹಾರ್ಡ್ ಡಿಸ್ಕ್ ದೇವರ ಜಗಲಿ ಮ್ಯಾಲ ಐತ್ರಿ” ಎಂದ. ಸಭೆ ಮೆಚ್ಚುಗೆಯಿಂದ ತಲೆದೂಗಿತು. ಅತ್ತೆ ತಲೆದೂಗಲಿಲ್ಲ. “ತಂದ್ ತೋರ್ಸ್ರಿ.” ಪಾಪ, ಗಾಡಿ ಹೊಡೆದುಕೊಂಡು ಹೋಗಿ ತಂದ. ಕೆಂಪು ಖಣದಲ್ಲಿ ಸುತ್ತಿದ ಡಿಸ್ಕು, ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಕೇಬಲ್ ಸಿಕ್ಕಿಸುವ ತೂತಿನಲ್ಲೂ ವಿಭೂತಿ! ದಸರೆಯಲ್ಲಿ ಖಂಡೆ ಪೂಜೆಯ ದಿನ ಆಫೀಸಿನವರು ಡಿಸ್ಕಿಗೂ ಪೂಜೆ ಮಾಡಿ, ಅದರ ಎದುರಿಗೇ ತೆಂಗಿನಕಾಯಿ ಒಡೆದಿದ್ದರಂತೆ. ಕಾಯಿನೀರು ಎಲ್ಲಿಗೆ ಹೋಯಿತೆಂದು ಯಾರೂ ಕೇಳಿರಲಿಲ್ಲ. ಕಂಪ್ಯೂಟರಿಗೆ ಹಚ್ಚಿದರೆ ಅದು ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು.

“ದೇವರು ಕಾಯ್ತಾನ್ರೀ ಅಕ್ಕೋರ, ಅಂತ...” ಎಂದು ಆತ ತೊದಲಿದ.

“ಕಾಯ್ತಾನ, ಖರೆ. ಆದ್ರ ಡೇಟಾ ತಿರುಗಿ ತರಾಕ ಅವಗ ಪಾಸ್‌ವರ್ಡ್ ಕೊಟ್ಟೀರೇನ?”

ಅದೇ ಹುಕ್ಕೇರಿಯಲ್ಲಿ ಮರುದಿನ ನಡೆದದ್ದಕ್ಕೆ ಮಾತ್ರ ನಾನು ಅವಳನ್ನು ಕ್ಷಮಿಸಿಲ್ಲ. ಊಟದ ಹೊತ್ತಾಯಿತು. ಊಟ ಬರಲಿಲ್ಲ. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದಾರೆ. ಅತ್ತೆ ಸಾವಕಾಶ ಎದ್ದು, “ಊಟದ ಸಿಸ್ಟಮ್ ಬಿದ್ದೈತಿ. ಖಾನಾವಳಿಯವರಿಗೆ ಬರಬ್ಯಾಡ್ರಿ ಅಂತ ನಾನ ಹೇಳೇನಿ. ಈಗ ರಿಕವರಿ ಮಾಡ್ರಿ” ಎಂದಳು. ಹಸಿದವರ ಎದುರು ಹೀಗೆ ಹೇಳುವ ಧೈರ್ಯ ನೋಡಿ! ನಿಡಸೋಸಿ ಕಡೆಯಿಂದ ಬಂದಿದ್ದ ಒಬ್ಬ ಇಂಜಿನಿಯರು ಬೋರ್ಡಿನ ಮೇಲೆ ನಕ್ಷೆ ಬರೆಯತೊಡಗಿದ. ಇಬ್ಬರು ಖಾನಾವಳಿ ಹುಡುಕಿಕೊಂಡು ಹೊರಟರು. ನಾನು ಸಿಟ್ಟಿನಿಂದ ಒಂದು ಮೂಲೆಯಲ್ಲಿ ಕೂತೆ. ನನಗೆ ಹಸಿವೆ ತಡೆಯುವುದಿಲ್ಲ, ಅದು ಅವಳಿಗೆ ನಾನು ಹುಟ್ಟಿದಾಗಿನಿಂದ ಗೊತ್ತು. ಎಲ್ಲರ ಮುಖ ಬಾಡಿದ ಮೇಲೆ ತನ್ನ ಸ್ಕೂಟರಿನ ಡಿಕ್ಕಿ ತೆಗೆದಳು. ಒಳಗೆ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಅಟ್ಟಿ, ಶೇಂಗಾ ಚಟ್ನಿ, ಡಬ್ಬಿ ತುಂಬ ಮೊಸರು!

“ಬಿಸಿ ರೊಟ್ಟಿ ಅಂದ್ರ ನಡದ ಕೆಲಸಾ. ಖಡಕ್ ರೊಟ್ಟಿ ಅಂದ್ರ ಬ್ಯಾಕಪ್. ನಮ್ಮ ಅವ್ವ, ಆಯಿ ಇದನ್ನ ಯಾವ ಶಿಬಿರಕ್ಕ ಹೋಗಿ ಕಲ್ತಾರು? ಉಣ್ರಿ.”

ಉಂಡೆವು. ಕಟುಕಟು ಎಂದು ಇಡೀ ಹಾಲ್ ಸದ್ದು ಮಾಡಿತು. ಹೊರಗೆ ಹೋದವರಿಬ್ಬರು ಬರಿಗೈಲಿ ತಿರುಗಿ ಬಂದಾಗ ಚಟ್ನಿ ಮಾತ್ರ ಉಳಿದಿತ್ತು.

ಇನ್ನು ನನ್ನ ಮದುವೆ. ಅದನ್ನು ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ. ಹೆಣ್ಣಿನವರ ಊರು ಕಣಗಲಾ. ಬೀಗರು ಪ್ರೀತಿಯಿಂದ ಒಂದು ದೊಡ್ಡ ಬಸ್ಸನ್ನೇ ಕಳಿಸಿದ್ದರು. ಮದುಮಗ, ಅಪ್ಪ, ಅವ್ವ, ಬಂಧುಬಳಗ ಎಲ್ಲ ಏರಿ ಕೂತಾಗಿದೆ. ಅತ್ತೆ ಬಸ್ಸಿನ ಬಾಗಿಲಲ್ಲಿ ಅಡ್ಡ ನಿಂತಳು. “ಇಡೀ ಮನೆತನಾ ಒಂದ ಗಾಡ್ಯಾಗ? ಇಳೀರಿ!” ಶುಭಕಾರ್ಯಕ್ಕೆ ಹೊರಟವರ ಬಾಗಿಲಲ್ಲಿ ಆಡುವ ಮಾತೇ ಇದು? ಅವ್ವ ಗದರಿದಳು, ಅಪ್ಪ ಕೈಮುಗಿದ. ಅವಳು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅರ್ಧ ಜನ ಬಸ್ಸಿನಲ್ಲಿ ಘೋಡಗೇರಿ ಮೇಲಿಂದ, ಇನ್ನರ್ಧ ಜನ ಜೀಪಿನಲ್ಲಿ ಸುತ್ತು ಹಾಕಿ ಹೈವೇ ಮೇಲಿಂದ. ಒಬ್ಬ ಚಿಕ್ಕಪ್ಪ ಮನೆಯಲ್ಲೇ ಉಳಿಯಬೇಕೆಂದು ಅಪ್ಪಣೆಯಾಯಿತು. ಆತ ಇಂದಿಗೂ ನನ್ನ ಮದುವೆಯ ಹುಗ್ಗಿಯ ವಿಷಯ ಬಂದರೆ ಎದ್ದು ಹೋಗುತ್ತಾನೆ.

ಈ ಗಲಾಟೆಯಲ್ಲಿ ಆದದ್ದೇನು ಗೊತ್ತೇ? ಮದುಮಗ ಬಸ್ಸಿನಲ್ಲಿ, ತಾಳಿ ಜೀಪಿನಲ್ಲಿ! ಕಬ್ಬಿನ ಹಂಗಾಮು, ಜೀಪು ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಮುಹೂರ್ತ ಬಂತು, ತಾಳಿ ಬರಲಿಲ್ಲ. ಕೈಯಲ್ಲಿ ಅಕ್ಷತೆ ಹಿಡಿದ ಜನ ನನ್ನನ್ನೇ ದಿಟ್ಟಿಸುತ್ತಿದ್ದಾರೆ. ನಾನು ಅತ್ತೆಯ ಕಡೆ ನೋಡಿದ ನೋಟಕ್ಕೆ ಕಬ್ಬು ಒಣಗಬೇಕಿತ್ತು. ಅವಳು ಸಮಾಧಾನವಾಗಿ ಬ್ಯಾಗಿನ ಜಿಪ್ಪು ಎಳೆದು ಇನ್ನೊಂದು ತಾಳಿ ತೆಗೆದು ಕೊಟ್ಟಳು. ಮೊದಲೇ ಮಾಡಿಸಿ ಇಟ್ಟಿದ್ದಳಂತೆ! ನನ್ನ ಹೆಂಡತಿ ಜಗಳವಾದಾಗಲೆಲ್ಲ ಈಗಲೂ ಅದನ್ನು ಎತ್ತುತ್ತಾಳೆ: “ನೀವು ನನಗ ಕಟ್ಟಿದ್ದು ಒರಿಜಿನಲ್ ಅಲ್ರಿ, ಕಾಪಿ!”

ಇಷ್ಟನ್ನೆಲ್ಲ ನಾನು ನುಂಗಿಕೊಂಡಿದ್ದೆ. ಆದರೆ ಕಳೆದ ವರ್ಷ ಅವಳು ಹೊಸದೊಂದು ತೆಗೆದಳು. ಶಿಬಿರಕ್ಕೆ ಅವಳು ಒಬ್ಬಳೇ ಗುರು, ಅವಳಿಗೊಂದು ಕಾಪಿ ಇಲ್ಲ. ಎಲ್ಲರಿಗೂ ಬುದ್ಧಿ ಹೇಳುವವಳು ತಾನೇ ನಿಯಮ ತಪ್ಪಿದಂತಾಯಿತಲ್ಲ! ಆದ್ದರಿಂದ ಕಾಪಿಯಾಗಿ ನನ್ನನ್ನು ಆರಿಸಿದ್ದಾಳೆ. ನನ್ನನ್ನು ಕೇಳಿದಳೇ? ಇಲ್ಲ. ಹಾರ್ಡ್ ಡಿಸ್ಕನ್ನು ಯಾರಾದರೂ ಕೇಳುತ್ತಾರೆಯೇ?

“ನನ್ನ ಕಡಿಂದ ಆಗೂದಿಲ್ಲ ಅತ್ತಿ. ನಾಕ ಮಂದಿ ಮುಂದ ನಿಂತ್ರ ನನ್ನ ಬಾಯಿ ಒಣಗ್ತೈತಿ.”

“ನೀರ ಕುಡಿ. ಪಾಠಾ ಮೂರ ಸಲ ಕೇಳಿದಿ.”

“ಕೇಳಿದ್ದು ಬ್ಯಾರೆ, ಹೇಳೂದು ಬ್ಯಾರೆ. ನನಗ ಬರೂದಿಲ್ಲ ಅಂದ್ರ ಬರೂದಿಲ್ಲ.”

“ಬರೂದಿಲ್ಲ ಅನಬ್ಯಾಡ. ನಿಂತ್ ತೋರ್ಸು. ಯಾವತ್ತರ ಒಂದಿನ ನಾ ಬರೂದಿಲ್ಲ. ಅವತ್ತ ಶಿಬಿರ ನಿಂತ್ರ ನನ್ನ ಜೋಡಿ ಮಾತಾಡಬ್ಯಾಡ.”

ಅಂದರೆ ಇನ್ನೊಂದು ಡ್ರಿಲ್ ಕಾದಿದೆ ಎಂದಾಯಿತು. ನಾನು ತಿಂಗಳುಗಟ್ಟಲೆ ಹೆದರಿಕೆಯಲ್ಲೇ ಇದ್ದೆ. ಕೊನೆಗೆ ಒಂದು ಸೋಮವಾರ ಬೆಳಿಗ್ಗೆ, ನನ್ನ ವಾರದ ರಜೆಯ ದಿನ, ಮೂಡಲಗಿಯ ಶಿಬಿರದ ಸಭಾಭವನದವರ ಫೋನು ಬಂತು. “ಅಕ್ಕೋರು ಬಂದಿಲ್ರಿ. ಫೋನ್ ಬಂದ್ ಐತ್ರಿ. ಮಂದಿ ಬಂದ ಕುಂತಾರ.” ಅತ್ತೆ ಹಿಂದಿನ ದಿನವೇ ಅಪ್ಪನನ್ನು ಕರೆದುಕೊಂಡು, ಬೆಳಗಾವಿಯಲ್ಲಿ ಒಬ್ಬರ ಮನೆಗೆ ಹೋಗಿ ಅಲ್ಲಿಂದ ನೇರ ಮೂಡಲಗಿಗೆ ಹೋಗುತ್ತೇನೆ ಎಂದು ಹೊರಟಿದ್ದಳು. ನನಗೆ ಎಲ್ಲ ಅರ್ಥವಾಯಿತು. ಅಪ್ಪನೂ ಈ ಕುತಂತ್ರದಲ್ಲಿ ಸೇರಿದ್ದಾನೆ! ಎಲ್ಲೋ ಚಹಾ ಕುಡಿಯುತ್ತ ಕೂತು ನನ್ನ ಫಜೀತಿಯನ್ನು ಲೆಕ್ಕ ಹಾಕುತ್ತಿದ್ದಾರೆ! ಹಲ್ಲು ಕಡಿಯುತ್ತ ಬೈಕು ಹತ್ತಿದೆ. ಹೊರಡುವಾಗ ಏನೋ ಹೊಳೆದು, ಅಡುಗೆಮನೆಯಿಂದ ಖಡಕ್ ರೊಟ್ಟಿಯ ಅಟ್ಟಿಯನ್ನೇ ಕಟ್ಟಿಕೊಂಡು ಹೋದೆ. ಊಟವನ್ನೂ ಬೀಳಿಸಿದ್ದರೆ? ಅವಳನ್ನು ನಂಬಲಾಗುತ್ತದೆಯೇ?

ಮೂಡಲಗಿಯಲ್ಲಿ ಎಲ್ಲರ ಎದುರು ನಿಂತೆ. ಬಾಯಿ ಒಣಗಿತು. ನೀರು ಕುಡಿದೆ. ಆಮೇಲೆ ಅವಳ ಮೇಲಿನ ಸಿಟ್ಟಿನಲ್ಲೇ ಶುರುಮಾಡಿದೆ. ಹೊಳೆಯ ನೀರು ಕ್ಲಾಸಿನೊಳಗೆ ಬಂದದ್ದು, ಜಗಲಿಯ ಮೇಲಿನ ಡಿಸ್ಕು, ಎರಡನೆಯ ತಾಳಿ ಎಲ್ಲ ಹೇಳಿದೆ. ಜನ ನಕ್ಕರು, ಬರೆದುಕೊಂಡರು, ಅಡ್ಡ ಪ್ರಶ್ನೆ ಕೇಳಿದರು. ಸಂಜೆಯ ತನಕ ಒಬ್ಬರೂ ಎದ್ದು ಹೋಗಲಿಲ್ಲ. ಆದರೆ ಪಂಥ ಮುರಿಯಲಿಲ್ಲ ನೋಡಿ! “ತಂದ್ ತೋರ್ಸ್ರಿ” ಎನ್ನಬೇಕಾದಲ್ಲೆಲ್ಲ “ದಯವಿಟ್ಟು ಪರೀಕ್ಷಿಸಿ ನೋಡಬೇಕು” ಎಂದೆ.

ಶಿಬಿರ ಮುಗಿಸಿ ಹೊರಗೆ ಬಂದು ಅಪ್ಪನಿಗೆ ಫೋನು ಹಚ್ಚಿದೆ. ಬೈಗುಳ ಎಲ್ಲ ನಾಲಿಗೆಯ ತುದಿಯಲ್ಲಿತ್ತು.

“ಡ್ರಿಲ್ ಮುಗಿತು ಅಂತ ಹೇಳ್ರಿ ನಿಮ್ಮ ತಂಗಿಗೆ. ಎಲ್ಲಿ ಅದೀರಿ?”

ಅಪ್ಪ ದನಿ ತಗ್ಗಿಸಿದ. “ದವಾಖಾನ್ಯಾಗ ಅದೇವಪಾ, ಬೆಳಗಾವ್ಯಾಗ. ಅಕಿ ಹೊಟ್ಟ್ಯಾಗ ಗಡ್ಡಿ ಐತಿ. ನಾಳೆ ಮುಂಜಾನೆ ಆಪರೇಷನ್. ನಿನಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸಿಕೊಂಡಾಳ.”

ರಸ್ತೆಯ ಪಕ್ಕದಲ್ಲೇ ನಿಂತುಬಿಟ್ಟೆ. ಫೋನು ಅತ್ತೆಯ ಕೈಗೆ ಹೋಯಿತು.

“ಏನ್ ಅತ್ತಿ ಇದು? ನಾ ಡ್ರಿಲ್ ಅಂತ ತಿಳಕೊಂಡಿದ್ದೆ!” ನಾನು ಕಿರುಚಿದೆ. ಹಾದಿಯಲ್ಲಿ ಹೋಗುವವರು ತಿರುಗಿ ನೋಡಿದರು. “ದಿನಾ ಸುಳ್ಳ ಸುಳ್ಳ ಅನಾಹುತ ಮಾಡಿ, ಖರೆ ಬಂದಾಗ ಮುಚ್ಚಿಡ್ತೀಯೇನ? ನಾ ನಿನಗ ಯಾರೂ ಅಲ್ಲೇನ?”

“ಖರೆ ಅಂತ ಗೊತ್ತಾಗಿದ್ರ ನೀ ಮೂಡಲಗಿಗೆ ಹೋಗ್ತಿದ್ದೇನ? ಇಲ್ಲೇ ಓಡಿ ಬರ್ತಿದ್ದಿ.” ಧ್ವನಿ ಸಣ್ಣಗಾಗಿತ್ತು. “ಶಿಬಿರ ನಿಲ್ಲಲಿಲ್ಲ ಹೌದಿಲ್ಲೊ?”

“ನಿಲ್ಲಲಿಲ್ಲ.”

“ಊಟಕ್ಕೇನ್ ಮಾಡಿದಿ? ಖಾನಾವಳಿಯವರಿಗೆ ಹೇಳೂದು ಈ ಗಡಿಬಿಡ್ಯಾಗ ಖರೇನ ಮರತಿದ್ದೆ.”

“ಮನಿಯಿಂದ ಖಡಕ್ ರೊಟ್ಟಿ ಒಯ್ದಿದ್ದೆ.”

“ಹಂಗಾರ ಇನ್ನ ನಾ ಆರಾಮ ಮಲಗ್ತೇನಿ. ಇಡು ಫೋನ” ಎಂದಳು.

ಆ ‘ಆರಾಮ ಮಲಗ್ತೇನಿ’ ಎಂಬ ಮಾತು ನನಗೆ ಸೇರಲಿಲ್ಲ. ಮರುದಿನ ಬೆಳಿಗ್ಗೆ ನಾನು, ಅವ್ವ, ನನ್ನ ಹೆಂಡತಿ, ಮದುವೆಯ ಹುಗ್ಗಿ ತಪ್ಪಿಸಿಕೊಂಡ ಆ ಚಿಕ್ಕಪ್ಪ ಎಲ್ಲ ಸಿಕ್ಕ ಒಂದು ಕಾರಿನಲ್ಲಿ ತುಂಬಿಕೊಂಡು ಬೆಳಗಾವಿಗೆ ಹೋದೆವು. ದಾರಿಯುದ್ದಕ್ಕೂ ನಾನು ಅವಳನ್ನು ಬೈದೆ. ಬೈಯುವುದನ್ನು ನಿಲ್ಲಿಸಿದರೆ ಏನಾಗುತ್ತದೋ ಎಂದು ಹೆದರಿಕೆಯಾಗಿತ್ತು. ನಾವು ತಲುಪುವಷ್ಟರಲ್ಲಿ ಅವಳನ್ನು ಒಳಗೆ ಕರೆದೊಯ್ದಿದ್ದರು. ಅಪ್ಪ ಬೆಂಚಿನ ಮೇಲೆ ಅವಳ ಚಾಳೀಸನ್ನು ಕೈಯಲ್ಲಿ ಹಿಡಿದು ಕೂತಿದ್ದ. ಮೂರು ಚಾಳೀಸು ಮಾಡಿಟ್ಟಳು, ಮೂರು ಊರು ಮಾಡಿಟ್ಟಳು. ಅವಳು ಮಾತ್ರ ಒಬ್ಬಳೇ ಇದ್ದಾಳಲ್ಲ ಎಂದು ನನಗೆ ಆಗ ತಟ್ಟಿತು. ನಾನು ನೂರು ಶಿಬಿರ ಮಾಡಿದರೂ ನನ್ನನ್ನು ಬಿಸಿಲಲ್ಲಿ ಮೂಡಲಗಿಗೆ ಅಟ್ಟುವವರು ಬೇರೆ ಯಾರಿದ್ದಾರೆ?

ಮಧ್ಯಾಹ್ನದ ಹೊತ್ತಿಗೆ ಬಾಗಿಲು ಸ್ವಲ್ಪ ತೆರೆಯಿತು. ಸಿಸ್ಟರ್ ಒಬ್ಬರು ತಲೆ ಹೊರಗೆ ಹಾಕಿ, “ಆಪರೇಷನ್ ಚಲೋ ಆಗೇತ್ರಿ. ಆರಾಮ ಅದಾರ” ಎಂದರು. ಅಪ್ಪ ಕೈಮುಗಿದ. ಅವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ.

“ಆರಾಮ ಅದಾರ ಅನಬ್ಯಾಡ್ರಿ ಸಿಸ್ಟರ್. ತಂದ್ ತೋರ್ಸ್ರಿ!”

ಇಡೀ ಪಡಸಾಲೆ ನನ್ನ ಕಡೆ ನೋಡಿತು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಂಥ ಹಾಳಾಗಿ ಹೋಗಲಿ. ಸಿಸ್ಟರ್ ಮೊದಲು ಸಿಟ್ಟಾದರು, ಆಮೇಲೆ ನನ್ನ ಮುಖ ನೋಡಿ ಒಳಗೆ ಹೋದರು. ಎಷ್ಟೋ ಹೊತ್ತಿನ ಮೇಲೆ ಗಾಲಿಯ ಮಂಚ ಹೊರಗೆ ಬಂತು. ಅತ್ತೆ ಅಷ್ಟೊಂದು ಸಣ್ಣಗೆ ಇದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ಮುಚ್ಚಿತ್ತು. ಬಂತು ಎಂದು ಕುಣಿಯಬಾರದು, ಒಳಗೆ ಮೊದಲಿನಂತೆಯೇ ಇದೆಯೇ ನೋಡಬೇಕು. ಅವಳೇ ಕಲಿಸಿದ್ದು. ಬಗ್ಗಿ ಕರೆದೆ.

“ಅತ್ತಿ. ಅತ್ತಿ, ನಾನು.”

ರೆಪ್ಪೆ ನಿಧಾನ ತೆರೆಯಿತು. ನನ್ನನ್ನು ನೋಡಿದಳು. ಅಪ್ಪನನ್ನು ನೋಡಿದಳು, ಅವ್ವನನ್ನು, ನನ್ನ ಹೆಂಡತಿಯನ್ನು, ಚಿಕ್ಕಪ್ಪನನ್ನು. ಸಾಲಾಗಿ ಎಲ್ಲರನ್ನೂ ನೋಡಿ ಹುಬ್ಬು ಗಂಟಿಕ್ಕಿದಳು. ಒಣಗಿದ ತುಟಿ ಅಲುಗಾಡಿತು.

“ಎಲ್ಲಾರೂ... ಒಂದ ಗಾಡ್ಯಾಗ... ಬಂದೀರೇನ?”

“ಹೌದು ಅತ್ತಿ.”

“ಖೋಡಿಗೋಳ...” ಎಂದು ಮತ್ತೆ ಕಣ್ಣು ಮುಚ್ಚಿದಳು.

ನಾನು ಆ ಮಂಚದ ಕಂಬಿ ಹಿಡಿದುಕೊಂಡು, ಎಲ್ಲರ ಎದುರಿಗೇ ಅತ್ತುಬಿಟ್ಟೆ.